ಕೆರೆಗೋಡಿಗೆ ಸಿಗದ ಅಂಕ

ನಮ್ಮ ಮನೆಯಿಂದ ಯಾರ ಪಾತ್ರೆಯೂ ಖಾಲಿ ವಾಪಸ್ಸು ಹೋಗುವುದಿಲ್ಲ. ಪಕ್ಕದವರು ಒಂದು ಬಟ್ಟಲು ಸಾರು ಕಳಿಸಿದರೆ, ಬಟ್ಟಲು ತೊಳೆದು, ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಸಕ್ಕರೆ ಮುಗಿದಿದ್ದ ಒಂದು ದಿನ ಅಮ್ಮ ಎರಡು ನಿಂಬೆಹಣ್ಣು ಇಟ್ಟು ಕಳಿಸಿದ್ದಳು. ಖಾಲಿ ಪಾತ್ರೆ ಕೊಡುವುದೆಂದರೆ ಅವಳಿಗೆ ಎದುರಿನವರ ಮುಖಕ್ಕೆ ಬಾಗಿಲು ಹಾಕಿದಷ್ಟು ದೊಡ್ಡ ತಪ್ಪು. ಚಿಕ್ಕವಳಿದ್ದಾಗ ನನಗೂ ಈ ಪದ್ಧತಿ ಬಹಳ ಇಷ್ಟವಾಗಿತ್ತು. ಎಂಟನೇ ಕ್ಲಾಸು ಮುಗಿಯುವ ಹೊತ್ತಿಗೆ ಅದರ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ದೇವನಹಳ್ಳಿಯಿಂದ ಆವತಿ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನಮ್ಮೂರು. ಏರ್‌ಪೋರ್ಟ್ ಬಂದ ಮೇಲೆ ಊರಿನಲ್ಲಿ ಕೈಲಾದವರೆಲ್ಲ ತಮ್ಮ ಮನೆಯ ಮೇಲೆ ಒಂದು ರೂಮು ಎತ್ತಿದರು. ಅಪ್ಪನೂ ಎತ್ತಿದ. ಮೆಟ್ಟಿಲು ಮನೆಯ ಹೊರಗಿನಿಂದಲೇ ಇತ್ತು. ಮೇಲೆ ಒಂದು ರೂಮು, ತಗಡು ಹೊದಿಸಿದ ಪುಟ್ಟ ಅಡಿಗೆಮನೆ. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಯಾರಾದರೂ ಬಾಡಿಗೆಗೆ ಬರುತ್ತಾರೆಂದು ಅಪ್ಪ ಕಾದಿದ್ದೇ ಬಂತು. ಕೊನೆಗೆ ಬಂದವರು ನನ್ನ ಶಾಲೆಗೇ ಹೊಸದಾಗಿ ಸೇರಿದ ಸಮಾಜ ಪಾಠದ ಮಿಸ್. ಚಿಂತಾಮಣಿ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ. ಜೊತೆಗೆ ತಂದದ್ದು ಒಂದು ಟ್ರಂಕು, ಒಂದು ಸ್ಟೌವು, ಮತ್ತು ಸುರುಳಿ ಸುತ್ತಿದ ಪ್ರಪಂಚದ ಭೂಪಟ. ಹೆಣ್ಣುಮಗಳು ಒಬ್ಬಳೇ ಏನು ಬೇಯಿಸಿಕೊಂಡಾಳು ಎಂದು ಅಮ್ಮ ಮೊದಲ ಸಂಜೆಯೇ ಸ್ಟೀಲು ಡಬ್ಬಿಯಲ್ಲಿ ಬಸ್ಸಾರು ತುಂಬಿ ನನ್ನ ಕೈಯಲ್ಲಿ ಮೇಲಕ್ಕೆ ಕಳಿಸಿದಳು. ಮಾರನೆಯ ಬೆಳಿಗ್ಗೆ ಡಬ್ಬಿ ಕೆಳಗೆ ಬಂದಾಗ ಅದರೊಳಗೆ ಕಡಲೆಕಾಯಿ ಚಿಕ್ಕಿ ಇತ್ತು. ನಮ್ಮ ಪೈಕಿಯೇ ಕಣೇ ಇವರು, ಎಂದು ಅಮ್ಮ ಅಲ್ಲಿಗೇ ತೀರ್ಮಾನಿಸಿಬಿಟ್ಟಳು.

ಅಲ್ಲಿಂದ ಆ ಡಬ್ಬಿ ಮೆಟ್ಟಿಲು ಹತ್ತುವುದೂ ಇಳಿಯುವುದೂ ನಿಲ್ಲಲೇ ಇಲ್ಲ. ಹತ್ತಿಸುವವಳೂ ಇಳಿಸುವವಳೂ ನಾನೇ. ಮಿಸ್ ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಅಮ್ಮ ಅವರನ್ನು ಮೇಡಮ್ಮೋರೇ ಎಂದು ಕರೆದರೂ, ತಲೆನೋವು ಎಂದರೆ ಕೂರಿಸಿಕೊಂಡು ಎಣ್ಣೆ ತಟ್ಟುತ್ತಿದ್ದಳು.

ಶಾಲೆಯಲ್ಲಿ ಅವರು ಬೇರೆಯೇ ಮನುಷ್ಯರು. ಅವರಿಗಿಂತ ಮುಂಚೆ ನಮಗೆ ಸಮಾಜ ಹೇಳುತ್ತಿದ್ದ ಮೇಷ್ಟ್ರು ಉತ್ತರವನ್ನು ಗೇಣಿನಲ್ಲಿ ಅಳೆಯುತ್ತಿದ್ದರು. ಗೈಡಿನಿಂದ ಒಂದು ಪುಟ ಇಳಿಸಿದರೆ ಪೂರ್ತಿ ಅಂಕ, ಅರ್ಧ ಪುಟಕ್ಕೆ ಅರ್ಧ. ಹೊಸ ಮಿಸ್ ಮೊದಲ ದಿನ ಪುಸ್ತಕವನ್ನೇ ತೆಗೆಸಲಿಲ್ಲ. ಒಂದು ಡ್ರಾಯಿಂಗ್ ಶೀಟ್ ಬಿಚ್ಚಿ, ಬೋರ್ಡಿನ ಪಕ್ಕದ ಗೋಡೆಗೆ ನಾಲ್ಕೂ ಮೂಲೆಗೆ ಟೇಪು ಹಚ್ಚಿ ಅಂಟಿಸಿದರು. ಅದರಲ್ಲಿ ಎರಡು ಭಾಗಗಳಿದ್ದವು. ಮೇಲಿನದು, ನಾನು ನಿಮ್ಮಿಂದ ಏನು ನಿರೀಕ್ಷಿಸುತ್ತೇನೆ. ಕಾರಣ ಕೊಡಿ, ಬರೀ ಹೆಸರು ಬೇಡ. ಬಾಯಿಪಾಠಕ್ಕೆ ಅಂಕವಿಲ್ಲ. ದೂರದ ದೇಶದ ವಿಷಯ ಬರೆಯುವಾಗ ನಿಮ್ಮ ಊರಿನ ಒಂದು ಉದಾಹರಣೆ ಕೊಟ್ಟರೆ ಅದಕ್ಕೊಂದು ಅಂಕ. ಕೆಳಗಿನದು, ನೀವು ನನ್ನಿಂದ ಏನು ನಿರೀಕ್ಷಿಸಬಹುದು. ಅಂಕ ಯಾಕೆ ಬಂತು, ಯಾಕೆ ಹೋಯಿತು ಎಂದು ಯಾರು ಕೇಳಿದರೂ ಹೇಳುತ್ತೇನೆ. ಎಲ್ಲರಿಗೂ ಒಂದೇ ಅಳತೆ.

ಟೀಚರಿಂದ ನಾವೂ ಏನಾದರೂ ನಿರೀಕ್ಷಿಸಬಹುದು ಎಂದು ಅದುವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಏಟು ಬಿಟ್ಟರೆ ಬೇರೇನು ನಿರೀಕ್ಷಿಸುವುದು? ನಾನು ಆ ಚಾರ್ಟನ್ನು ದೇವರ ಪಟದ ಹಾಗೆ ನಂಬಿದೆ. ನನ್ನ ಬೆಂಚು ಅದಕ್ಕೆ ನೇರವಾಗಿತ್ತು. ಬೇಜಾರಾದಾಗಲೆಲ್ಲ ಅದನ್ನೇ ಓದುತ್ತಿದ್ದೆ.

ಆ ವರ್ಷದ ಪಾಠಗಳೆಂದರೆ ಈಜಿಪ್ಟು, ಮೆಸೊಪೊಟೇಮಿಯ, ಚೀನಾ, ಆಮೇಲೆ ಗ್ರೀಸು, ರೋಮು. ನೈಲ್ ನದಿ ವರ್ಷ ವರ್ಷವೂ ಉಕ್ಕಿ ಹರಿದು ಹೊಲಗಳ ಮೇಲೆ ಮೆಕ್ಕಲು ಮಣ್ಣು ಹಾಕಿ ಹೋಗುತ್ತಿತ್ತು ಎಂದು ಪುಸ್ತಕದಲ್ಲಿತ್ತು. ನಮಗೋ ನದಿಯೆಂದರೆ ಗೊತ್ತಿಲ್ಲ. ನಮ್ಮ ಸೀಮೆಯಲ್ಲಿ ಇರುವುದು ಕೆರೆ, ಅದೂ ಮಳೆ ಬಂದರೆ. ಉಳಿದದ್ದೆಲ್ಲ ಬೋರ್‌ವೆಲ್ಲು. ಮೆಕ್ಕಲು ಎಂದರೆ ಏನು ಎಂದು ನಾನು ಅಪ್ಪನನ್ನು ಕೇಳಿದೆ. ಅಪ್ಪ ದ್ರಾಕ್ಷಿ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ.

"ಕೆರೆಗೋಡು ಕಣವ್ವ. ಬ್ಯಾಸ್ಗೇಲಿ ಕೆರೆ ಒಣ್ಗುದಾಗ ಟ್ರ್ಯಾಕ್ಟರ್‌ನಾಗೆ ಹೊಡ್ಕಂಬಂದು ಹೊಲಕ್ಕೆ ಹಾಕಲ್ವಾ, ಆ ಕರೇ ಮಣ್ಣು. ನಾವು ಸೊಂಟ ಮುರ್ಕಂಡು ಹೊರ್ತೀವಿ, ಅವ್ರಿಗೆ ಹೊಳೇನೇ ತಂದು ಹಾಕ್ಬಿಟ್ಟು ಹೋಗ್ತಿತ್ತು. ಪುಣ್ಯವಂತ್ರು."

ಮಾರನೆಯ ದಿನ ಕ್ಲಾಸಿನಲ್ಲಿ ಎದ್ದು ನಿಂತು ಇದನ್ನೇ ಹೇಳಿದೆ. ನಾವು ಕೆರೆಯ ಮಣ್ಣನ್ನು ಹೊಲದ ತನಕ ಹೊರಬೇಕು, ಈಜಿಪ್ಟಿನಲ್ಲಿ ನದಿಯೇ ಆ ಕೂಲಿ ಮಾಡುತ್ತಿತ್ತು. ಹೀಗೆ ಉಳಿದ ಕೂಲಿಯಲ್ಲೇ ಅವರು ಅಷ್ಟು ದೊಡ್ಡ ದೊಡ್ಡ ಕಟ್ಟಡ ಕಟ್ಟಿರಬೇಕು. ಹುಡುಗರು ನಕ್ಕರು. ಮಿಸ್ ನಗಲಿಲ್ಲ. ಇನ್ನೊಂದು ಸಲ ಹೇಳು ಎಂದು ಹೇಳಿಸಿ, "ಇದು ನೋಡಿ ನನಗೆ ಬೇಕಾಗಿರೋದು" ಎಂದರು. ಆ ಹೊತ್ತಿನಲ್ಲಿ ಅವರಿಗಾಗಿ ನಾನು ಕೆರೆಯನ್ನೇ ಹೊತ್ತು ತರುತ್ತಿದ್ದೆ.

ಅದೇ ವಾರ ಅವರು ಇನ್ನೊಂದು ವಿಷಯ ಹೇಳಿದರು. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಾಲೆ ಶಾಲೆಗಳ ನಡುವೆ ಒಂದು ಭಾಷಣ ಸ್ಪರ್ಧೆ, ವಿಷಯ ಪ್ರಾಚೀನ ನಾಗರಿಕತೆಗಳು. ನಮ್ಮ ಕ್ಲಾಸಿನಿಂದ ಒಬ್ಬರೇ. ಅರ್ಧವಾರ್ಷಿಕದಲ್ಲಿ ಸಮಾಜಕ್ಕೆ ಯಾರು ಮೊದಲು ಬರುತ್ತಾರೋ ಅವರು. ನನಗೆ ಅದು ಬೇಕಾಗಿತ್ತು. ಸುತ್ತಿಬಳಸಿ ಹೇಳುವುದು ಯಾಕೆ, ಜೀವ ಹೋಗುವಷ್ಟು ಬೇಕಾಗಿತ್ತು. ಗಣಿತದಲ್ಲಿ ನಾನು ಅಷ್ಟಕ್ಕಷ್ಟೇ, ಇಂಗ್ಲಿಷಿನಲ್ಲಿ ಕೇಳಲೇಬೇಡಿ, ಆಟದಲ್ಲಿ ನನ್ನನ್ನು ಯಾವ ತಂಡವೂ ಕರೆಯುತ್ತಿರಲಿಲ್ಲ. ಮೊದಲ ಬಾರಿಗೆ ನನಗೆ ಬರುವಂಥದ್ದು ಒಂದಿದೆ ಎಂದು ಗೊತ್ತಾಗಿತ್ತು. ಅದನ್ನು ನಮ್ಮೂರ ಹೊರಗೆ, ಒಂದು ವೇದಿಕೆಯ ಮೇಲೆ ನಿಂತು ಹೇಳಬೇಕೆಂದು ಆಸೆಯಿತ್ತು.

ಮೊದಲು ಬರಬಹುದಾದವಳು ಇನ್ನೊಬ್ಬಳೂ ಇದ್ದಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳಪ್ಪ ನಮ್ಮಪ್ಪನಿಗೆ ದಾಯಾದಿ ತಮ್ಮ, ನನಗೆ ಚಿಕ್ಕಪ್ಪ. ಅವಳಿಗೂ ನನಗೂ ಒಂದೇ ವಯಸ್ಸು, ಒಂದೇ ಕ್ಲಾಸು. ಅವಳ ಬಾಯಿಪಾಠ ಮೆಚ್ಚಬೇಕಾದ್ದೇ. ಒಂದು ಸಲ ಓದಿದ್ದು ಅಲ್ಪವಿರಾಮದ ಸಮೇತ ಬರುತ್ತಿತ್ತು. ಅವಳ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅವಳ ಅಮ್ಮನದು ಮಾತ್ರ ಬೇರೆ ಮಾತು. ಚಿಕ್ಕಮ್ಮನ ನಾಲಿಗೆಗೆ ಇಡೀ ಊರು ಹೆದರುತ್ತಿತ್ತು.

ದಸರಾ ರಜೆ ಮುಗಿದು ಶಾಲೆ ತೆರೆದ ಮೊದಲ ದಿನ ಉತ್ತರ ಪತ್ರಿಕೆ ಕೊಟ್ಟರು. ಕೊನೆಯ ದೊಡ್ಡ ಪ್ರಶ್ನೆ, ನೈಲ್ ನದಿ ಇಲ್ಲದಿದ್ದರೆ ಈಜಿಪ್ಟಿನ ನಾಗರಿಕತೆ ಬೆಳೆಯುತ್ತಿತ್ತೆ ಎಂಬುದು. ನಾನು ಕಾರಣಗಳನ್ನೆಲ್ಲ ಬರೆದು, ಕೊನೆಯಲ್ಲಿ ಕೆರೆಗೋಡಿನ ಮಾತು ಬರೆದಿದ್ದೆ. ಆ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ಮಿಸ್ಸಿನ ದುಂಡು ಅಕ್ಷರದಲ್ಲಿ ಒಂದೇ ಪದ, ಅನಗತ್ಯ. ಅಂಕವಿಲ್ಲ. ಮೇಲಿನ ಕಾರಣಗಳಿಗೂ ಅಲ್ಲೊಂದು ಇಲ್ಲೊಂದು ಅರ್ಧ ಕತ್ತರಿಸಿದ್ದರು. ಪಕ್ಕದ ಮನೆಯವಳು ಮೊದಲು ಬಂದಿದ್ದಳು. ನಾನು ಎರಡನೆಯವಳು, ಕೂದಲೆಳೆಯಲ್ಲಿ.

ತಲೆ ಎತ್ತಿ ಚಾರ್ಟು ನೋಡಿದೆ. ನಿಮ್ಮ ಊರಿನ ಒಂದು ಉದಾಹರಣೆ ಕೊಟ್ಟರೆ ಅದಕ್ಕೊಂದು ಅಂಕ. ಅದು ಅಲ್ಲೇ ಇತ್ತು. ಒಂದು ಮೂಲೆಯ ಟೇಪು ಬಿಟ್ಟುಕೊಂಡಿತ್ತು, ಅಷ್ಟೇ.

ಕೇಳಿದವರಿಗೆಲ್ಲ ಹೇಳುತ್ತೇನೆ ಎಂದು ಬರೆದವರನ್ನು ಕೇಳದೆ ಇರುವುದು ಹೇಗೆ? ಅಂದು ಸಂಜೆ ಡಬ್ಬಿಯ ಜೊತೆ ಪತ್ರಿಕೆಯನ್ನೂ ಹಿಡಿದು ಮೆಟ್ಟಿಲು ಹತ್ತಿದೆ. ಮಿಸ್ ಬಟ್ಟೆ ಮಡಚುತ್ತಿದ್ದರು. ಪತ್ರಿಕೆ ನೋಡಿದ ಕೂಡಲೇ ಅವರ ಮುಖ ಸಣ್ಣದಾಯಿತು.

"ಸ್ಕೂಲಿನ ಮಾತು ಸ್ಕೂಲಲ್ಲಿ ಕೇಳಮ್ಮ. ಮನೇಲಿ ಬೇಡ."

ಮಾರನೆಯ ದಿನ ಶಾಲೆಯಲ್ಲಿ ಕೇಳಿದೆ. ಸ್ಟಾಫ್ ರೂಮಿನಲ್ಲಿ ಬೇರೆ ಟೀಚರುಗಳಿದ್ದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಮಿಸ್ ಹೇಳಿದರು, "ಪುಸ್ತಕದಲ್ಲಿ ಇಲ್ಲದ್ದು ಬರೆದ್ರೆ ಅಂಕ ಹೇಗ್ ಕೊಡೋದು? ಹೋಗು ಕ್ಲಾಸಿಗೆ."

ನನಗೆ ಅಳು ಬರಲಿಲ್ಲ, ದಿಕ್ಕು ತಪ್ಪಿದ ಹಾಗಾಯಿತು. ನಾನೇ ಏನೋ ತಪ್ಪು ತಿಳಿದಿದ್ದೇನೆ ಎಂದುಕೊಂಡೆ. ಕೆರೆಗೋಡಿಗೂ ಮೆಕ್ಕಲಿಗೂ ಏನೋ ವ್ಯತ್ಯಾಸವಿರಬೇಕು, ಅಪ್ಪನಿಗೆ ಅದು ಗೊತ್ತಿಲ್ಲದಿರಬೇಕು. ಅಪ್ಪ ಎದುರಿಗೆ ಕೂತು ಮುದ್ದೆ ಮುರಿಯುವಾಗ, ಪಾಪ ಓದಿದವನಲ್ಲ ಎಂದು ಮೊದಲ ಸಲ ಅವನನ್ನು ಕನಿಕರದಿಂದ ನೋಡಿದೆ. ಅಂಕ ಹೋದದ್ದಕ್ಕಿಂತ ಇದು ನನ್ನನ್ನು ಇವತ್ತಿಗೂ ಹೆಚ್ಚು ಉರಿಸುತ್ತದೆ.

ಡಿಸೆಂಬರಿನಲ್ಲಿ ಪಕ್ಕದ ಮನೆಯವಳು ಬೆಂಗಳೂರಿಗೆ ಹೋದಳು. ಮಿಸ್ ಕರೆದುಕೊಂಡು ಹೋದರು. ಸಂಜೆ ಬಂದವಳು ಸೀದಾ ನಮ್ಮ ಮನೆಗೇ ನುಗ್ಗಿದಳು. ಕೈಯಲ್ಲಿ ಒಂದು ಕಪ್ಪು, ಕಪ್ಪಿಗೆ ರಿಬ್ಬನ್ನು.

"ಸೆಕೆಂಡ್ ಪ್ರೈಜ್ ಬಂತು ಕಣೇ. ಆ ಕೆರೆಗೋಡಿನ ವಿಷ್ಯ ಹೇಳಿದ್ನಾ, ಜಡ್ಜುಗಳೆಲ್ಲ ಚಪ್ಪಾಳೆ ತಟ್ಬಿಟ್ರು. ಒಬ್ರು ಕೂಗಿ ಕೇಳಿದ್ರು, ಇದು ನಿಂದೇ ಯೋಚ್ನೇನಾ ಅಂತ."

"ನೀನೇನಂದೆ?"

"ಹೂಂ ಅಂದೆ. ಮಿಸ್ಸೇ ಬರ್ಕೊಟ್ಟಿದ್ರಲ್ಲ, ಹಾಗೇ ಹೇಳು ಅಂದಿದ್ರು."

ಅವಳಲ್ಲಿ ಕಪಟವಿರಲಿಲ್ಲ. ಕ್ಲಾಸಿನಲ್ಲಿ ಆ ಮಾತು ಹೇಳಿದವಳು ನಾನು ಎಂಬುದು ಅವಳಿಗೆ ನೆನಪೇ ಇರಲಿಲ್ಲ. ಅವಳು ಮಿಸ್ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿದ್ದಳು, ಅವಳ ಕೆಲಸ ಅದೇ. ಬಾಯಿಪಾಠಕ್ಕೆ ಅಂಕವಿಲ್ಲ ಎಂದು ಗೋಡೆಯ ಮೇಲೆ ಬರೆದವಳು ಅವಳಲ್ಲವಲ್ಲ.

ನಾನು ಮೆಟ್ಟಿಲ ಹತ್ತಿರ ಓಡಿದೆ. ಮಿಸ್ ಚಪ್ಪಲಿ ಬಿಚ್ಚುತ್ತಿದ್ದರು.

"ನಾನು ಬರೆದ್ರೆ ಅನಗತ್ಯ, ಅವಳು ಹೇಳಿದ್ರೆ ಪ್ರೈಜಾ ಮಿಸ್?"

ಅವರು ಪಕ್ಕದ ಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಒಳ್ಳೇ ಮಾತು ಕಣೇ ಅದು. ಹಾಳಾಗೋದು ಬೇಡ ಅಂತ ಅವಳಿಗೆ ಹೇಳ್ಕೊಟ್ಟೆ. ನೀನು ಬುದ್ಧಿವಂತೆ, ಅರ್ಥ ಮಾಡ್ಕೋತೀಯ" ಎಂದು ಮೇಲೆ ಹೋದರು. ಅರ್ಥ ಮಾಡಿಕೊಳ್ಳುವುದನ್ನು ಯಾವಾಗಲೂ ಕಳಕೊಂಡವರ ತಲೆಗೇ ಯಾಕೆ ಕಟ್ಟುತ್ತಾರೋ.

ಅಮ್ಮ ಪಡಸಾಲೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದಳು. ನೆನೆಸಿದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕೆಂದು ತಟ್ಟೆಗೆ ಬೀಳುತ್ತದೆ. ಆ ವರ್ಷದ ಮೊದಲ ಹಿದುಕಿದಬೇಳೆ ಸಾರು ಅಂದು. ಒಂದು ಪಾಲು ಮೇಲಕ್ಕೆ ಹೋಗಬೇಕಾದ್ದೇ.

"ಅವರಿಗೆ ಕೊಡ್ಬೇಡಮ್ಮ. ನಾನಂತೂ ತಗೊಂಡು ಹೋಗಲ್ಲ" ಎಂದೆ. ಎಲ್ಲ ಹೇಳಿದೆ. ಚಾರ್ಟು, ಕೆಂಪು ಗೆರೆ, ಕಪ್ಪು, ಚಪ್ಪಾಳೆ. ಅಮ್ಮ ಹಿದುಕುವುದನ್ನು ನಿಲ್ಲಿಸದೆ ಕೇಳಿದಳು. ಎಲ್ಲ ಮುಗಿದ ಮೇಲೆ ಹೇಳಿದಳು, "ಮೇಡಮ್ಮೋರ್ನ ಯಾಕ್ ಬೈತೀಯ. ನಾನೇ ಹೇಳಿದ್ದು ಕಣೇ."

ನನಗೆ ಅರ್ಥವಾಗಲಿಲ್ಲ.

"ಆ ಪರೀಕ್ಷೆ ಟೈಮಲ್ಲಿ ಒಂದಿನ ಬೆಳಿಗ್ಗೆ ಡೈರಿ ತಾವ ಹಾಲು ಹಾಕಕ್ಕೆ ನಿಂತಿದ್ದಾಗ ನಿಮ್ ಚಿಕ್ಕಮ್ಮ ಎಲ್ರ ಮುಂದೇನೂ ಅಂದ್ಳು. ಮೇಡಮ್ಮು ಅವ್ರ ಮನೆ ಉಪ್ಪು ತಿಂತಾವ್ಳೆ, ಅವ್ರ ಮಗ್ಳಿಗೆ ಫಸ್ಟು ಕೊಡ್ದೆ ನಮಗೆ ಕೊಟ್ಟಾಳಾ ಅಂತ. ಆ ಮಾತು ಹೆಡ್ಮಾಸ್ಟ್ರ ಕಿವಿಗೆ ಬಿದ್ರೆ ಅವ್ಳ ಕೆಲ್ಸ ಉಳೀತದಾ? ಇನ್ನೂ ಪರ್ಮನೆಂಟ್ ಆಗಿಲ್ಲ. ನಮ್ ಮರ್ವಾದೆ ಏನಾತದೆ? ಅದಕ್ಕೇ ನಾನೇ ಮೇಲ್ ಹೋಗಿ ಹೇಳ್ದೆ, ನಮ್ ಹುಡ್ಗಿಗೆ ಒಂದೆರಡು ಕಮ್ಮಿನೇ ಹಾಕ್ಬುಡು ತಾಯಿ, ಪೇಪರ್ ನೋಡೋಕ್ ಮುಂಚೇನೇ ಮನ್ಸಲ್ಲಿ ಇಟ್ಕೋ ಅಂತ. ಅವ್ಳು ಆಗಲ್ಲ ಅಕ್ಕ ಅಂದ್ಳು. ಕಣ್ಣಲ್ಲಿ ನೀರು ಹಾಕ್ಕೊಂಡ್ಳು. ನಾನೇ ಬಲವಂತ ಮಾಡ್ದೆ."

"ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ" ಎಂದೆ.

"ಕೇಳಿದ್ರೆ ನೀನ್ ಒಪ್ತಿದ್ಯಾ?" ಎಂದಳು ಅಮ್ಮ. "ಒಂದೆರಡು ಅಂಕ ಹೋದ್ರೆ ಏನಾತದೆ ಮಗಾ. ಮನೆ ಮಗ್ಳು ನೀನು, ತಡ್ಕಂತೀಯ."

ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ನಮಗೆ ಹೇಳಿಕೊಟ್ಟವಳು ಅಮ್ಮನೇ. ಬಡಿಸಿದವಳೇ ಉಂಡವಳ ಜೊತೆ ಸೇರಿಕೊಂಡು ಎರಡು ಬಗೆದರೆ ಯಾವ ಗಾದೆ ಹೇಳಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯೊಂದಿದೆ, ಅದನ್ನೂ ಅವಳೇ ಹೇಳಿಕೊಟ್ಟಿದ್ದಳು. ನನಗೆ ಅನ್ನಿಸಿದ್ದು ಇಷ್ಟೇ. ನನ್ನನ್ನು ಪ್ರೀತಿಸುವ ಇಬ್ಬರು ಹೆಂಗಸರು ನನ್ನ ತಲೆಯ ಮೇಲಿನ ರೂಮಿನಲ್ಲಿ ಕೂತು, ಒಬ್ಬರ ಕೆಲಸ ಉಳಿಸಲು, ಇನ್ನೊಬ್ಬರ ಮರ್ಯಾದೆ ಉಳಿಸಲು, ನನ್ನದನ್ನು ತೆಗೆದು ಕೊಟ್ಟುಬಿಟ್ಟಿದ್ದರು. ಚಿಕ್ಕಮ್ಮ ಹೊರಗಿನವಳು, ಅವಳದು ದಾಯಾದಿ ಮತ್ಸರ, ಅದು ನನಗೆ ಅರ್ಥವಾಗುತ್ತದೆ. ಇದು ಅರ್ಥವಾಗಲಿಲ್ಲ.

ಅಂದು ಸಾರನ್ನು ಅಮ್ಮನೇ ಮೇಲಕ್ಕೆ ಒಯ್ದಳು. ನಾನು ಊಟ ಬಿಟ್ಟೆ. ಹಿದುಕಿದಬೇಳೆ ಸಾರಿನ ಘಮಕ್ಕೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಟಕ್ಕೆ ಬಿದ್ದು ಮಲಗಿದೆ. ಬೆಳಿಗ್ಗೆ ಮೊದಲು ಅದನ್ನೇ ತಿಂದೆ, ಅದು ಬೇರೆ ವಿಷಯ. ಹೊಟ್ಟೆಗೆ ಮಾನವಿಲ್ಲ.

ಆಮೇಲೆ ಕ್ಲಾಸಿನಲ್ಲಿ ನಾನು ಕೈ ಎತ್ತಲಿಲ್ಲ. ಗ್ರೀಸ್ ಬಂತು, ರೋಮ್ ಬಂತು. ಉತ್ತರಗಳನ್ನು ಗೈಡಿನಿಂದ ಇಳಿಸಿದೆ. ಪೂರ್ತಿ ಅಂಕ ಬಂದವು, ಪಕ್ಕದಲ್ಲಿ ಎಲ್ಲಿಯೂ ಕೆಂಪು ಅಕ್ಷರವಿರಲಿಲ್ಲ. ಮಿಸ್ ಪತ್ರಿಕೆ ಕೊಡುವಾಗ ನನ್ನ ಮುಖ ನೋಡುತ್ತಿದ್ದರು. ನಾನು ಚಾರ್ಟಿದ್ದ ಗೋಡೆ ನೋಡುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಅದು ಕಳಚಿ ಬಿದ್ದಿತ್ತು, ಯಾರೂ ಮತ್ತೆ ಅಂಟಿಸಲಿಲ್ಲ.

ಏಪ್ರಿಲಿನಲ್ಲಿ ಮಿಸ್‌ಗೆ ಅವರ ಊರ ಕಡೆಯೇ ಸರ್ಕಾರಿ ಕೆಲಸ ಸಿಕ್ಕಿತು. ರೂಮು ಖಾಲಿ ಮಾಡುವ ದಿನ ಅಮ್ಮ ಕಣ್ಣೊರೆಸಿಕೊಳ್ಳುತ್ತ ಪುಳಿಯೋಗರೆ ಕಲಸಿ ಡಬ್ಬಿ ತುಂಬಿದಳು. "ಇವತ್ತಾದ್ರೂ ನೀನ್ ತಗೊಂಡ್ ಹೋಗು" ಎಂದಳು. ಒಯ್ದೆ. ಮಿಸ್ ಅದನ್ನು ತಮ್ಮ ಡಬ್ಬಿಗೆ ಬಗ್ಗಿಸಿಕೊಂಡು, ನಮ್ಮದನ್ನು ತೊಳೆದು ಒರೆಸಿ, ಅದರೊಳಗೆ ಒಂದು ಚೆಂದದ ಇಂಕ್ ಪೆನ್ನು ಇಟ್ಟರು. ಅವರು ಪೇಪರ್ ತಿದ್ದುತ್ತಿದ್ದುದು ಅದರಲ್ಲೇ. ಮೆಟ್ಟಿಲಿನ ತನಕ ನನ್ನ ಜೊತೆ ಬಂದು, ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಗ್ಗಿದರು.

"ನೀನೇ ಕಣೇ ನನ್ನ ಕ್ಲಾಸಿಗೆ ಫಸ್ಟು. ನನ್ನ ಮನಸ್ಸಿಗೆ ಗೊತ್ತು."

"ಇದನ್ನ ಕ್ಲಾಸಲ್ಲಿ ಹೇಳಿ ಮಿಸ್" ಎಂದೆ.

"ಈಗ ರಜಾ ಅಲ್ವೇನೆ."

"ಹಾಗಾದ್ರೆ ಚಿಕ್ಕಮ್ಮ ಹೊರಗೆ ಬಟ್ಟೆ ಒಗೀತಾವ್ರೆ. ಅವ್ರಿಗೆ ಕೇಳೋ ಹಾಗೆ ಹೇಳಿ."

ಮಿಸ್ ನನ್ನ ತಲೆ ಸವರಿದರು. ಟ್ರಂಕು ಕಟ್ಟಲು ಒಳಗೆ ಹೋದರು. ನಾನು ಪೆನ್ನನ್ನು ಡಬ್ಬಿಯಿಂದ ತೆಗೆದು ಅವರ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಇಟ್ಟು ಇಳಿದು ಬಂದೆ. ಅಮ್ಮ ಡಬ್ಬಿ ತೆರೆದು ನೋಡಿದಳು.

"ಖಾಲಿ ತಂದ್ಯಾ?"

"ಅವರು ತುಂಬಿದ್ರು. ನಾನೇ ತೆಗೆದಿಟ್ಟು ಬಂದೆ."

ಅಮ್ಮ ನನ್ನನ್ನು ಹೊಡೆಯುತ್ತಾಳೆಂದುಕೊಂಡೆ. ಅವಳು ಡಬ್ಬಿಯನ್ನು ಒಳಗೆ ಒಯ್ದು ಕವುಚಿ ಹಾಕಿದಳು.

ಈಗ ನಾನು ದೊಡ್ಡಬಳ್ಳಾಪುರದಲ್ಲಿ ಕೆಲಸಕ್ಕಿದ್ದೇನೆ, ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಮೇಲಿನ ರೂಮಿಗೆ ಬೇರೆ ಬೇರೆ ಜನ ಬಂದು ಹೋದರು. ಅಮ್ಮ ಎಲ್ಲರಿಗೂ ಸಾರು ಕಳಿಸುತ್ತಾಳೆ. ನನಗೂ ಅವಳಿಗೂ ಜಗಳವೇನಿಲ್ಲ. ಆದರೆ ಯಾವುದೇ ಮುಖ್ಯ ವಿಷಯವನ್ನು ನಾನು ಅವಳಿಗೆ ಎಲ್ಲ ಮುಗಿದ ಮೇಲೆಯೇ ಹೇಳುತ್ತೇನೆ. ಅದು ಅವಳಿಗೂ ಗೊತ್ತು.

ಹೋದ ತಿಂಗಳು ನನ್ನನ್ನು ನೋಡಲು ಹೊಸಕೋಟೆ ಕಡೆಯಿಂದ ಗಂಡಿನವರು ಬಂದಿದ್ದರು. ಹುಡುಗನ ತಾಯಿ, ಹುಡುಗಿ ಓದಿನಲ್ಲಿ ಹೇಗೆ ಎಂದು ಕೇಳಿದರು. ಅಮ್ಮನ ಮುಖ ಅರಳಿತು.

"ಚಿಕ್ಕೋಳಿದ್ದಾಗಿಂದ್ಲೂ ಚುರುಕು. ಎಂಟ್ನೇ ಕ್ಲಾಸಲ್ಲಿ ಅವ್ರ ಮೇಡಮ್ಮೇ ಹೋಗೋವಾಗ ನನ್ ತಾವ ಹೇಳಿದ್ರು, ಸಮಾಜ ಪಾಠದಲ್ಲಿ ಕ್ಲಾಸಿಗೇ ಇವ್ಳೇ..."

ಅಷ್ಟರಲ್ಲಿ ಚಿಕ್ಕಮ್ಮ ಕಾಫಿ ತಟ್ಟೆ ಹಿಡಿದುಕೊಂಡು ಅಡಿಗೆಮನೆಯಿಂದ ಹೊರಗೆ ಬಂದಳು. ಅಮ್ಮ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಮ್ಮ ಮಾತನ್ನು ಅಲ್ಲಿಗೇ ಬಿಟ್ಟು ಲೋಟಗಳತ್ತ ತಿರುಗಿ, ಬಂದವರಿಗೆ ಸಕ್ಕರೆ ಸಾಕಾ ಎಂದು ಕೇಳಿದಳು.